ಎರಡು ಜಮಖಾನದ ಕೌಸಲ್ಯಮ್ಮ

ವಿನುತ ಮಾತಾಡಿ ಅಂದಿಗೆ ಹತ್ತೊಂಬತ್ತು ದಿನ. ಕಮಲ ಅದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿರಲಿಲ್ಲ, ಹಾಕಬೇಕಾಗಿಯೂ ಇರಲಿಲ್ಲ. ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿದರೂ, ಬೀದಿಯಲ್ಲಿ ಸೊಪ್ಪಿನವಳು ಗಂಟಲು ಹರಿಯುವ ಹಾಗೆ ಕೂಗಿದರೂ ಅವಳ ಕಿವಿ ಮಾತ್ರ ನಡುಮನೆಯ ಕಡೆಗೇ. ಐದು ವರ್ಷದ ಮಗು ಎದ್ದು ಏನಾದರೂ ಒಂದು ಅಂದೀತೇ? ‘ಅಮ್ಮಾ’ ಎಂದರೆ ಸಾಕು. ‘ಊಂ’ ಎಂದರೂ ಸಾಕು. ಹಸಿವಾದರೆ ತಟ್ಟೆ ತಂದು ಮುಂದೆ ಇಡುತ್ತಿತ್ತು. ನೀರು ಬೇಕಾದರೆ ಲೋಟ ತೋರಿಸುತ್ತಿತ್ತು. ಬಿದ್ದು ಮಂಡಿ ತರಚಿದ ದಿನ ಕಣ್ಣಲ್ಲಿ ನೀರು ಬಂತೇ ಹೊರತು ಬಾಯಿಂದ ಒಂದು ಸದ್ದೂ ಬರಲಿಲ್ಲ.

ಡಾಕ್ಟರು ಕಿವಿಗೆ, ಗಂಟಲಿಗೆ ಟಾರ್ಚು ಬಿಟ್ಟು ನೋಡಿ, “ಎಲ್ಲಾ ಚೆನ್ನಾಗಿದೆ. ಒಬ್ಬಳೇ ಮಗಳಲ್ವೇ, ಹಠ ಇರ್ಬೇಕು” ಎಂದಿದ್ದರು. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಗಂಡ ಯೋಗನರಸಿಂಹ, “ಸ್ವಲ್ಪ ದಿನ ಬಿಡು ಕಮಲ. ನಾನೂ ಮೂರು ವರ್ಷ ತುಂಬೋವರೆಗೂ ಮಾತೇ ಆಡಿರ್ಲಿಲ್ವಂತೆ” ಎಂದ.

“ನೀವು ಈಗ್ಲಾದ್ರೂ ಎಲ್ಲಿ ಆಡ್ತೀರಾ?” ಎಂದು ಅವಳು ಅವನ ಮೇಲೆ ಹಾಯ್ದಳು. ಆಮೇಲೆ ಅವಳಿಗೇ ಅಳು ಬಂತು.

ಮಗು ಮಾಡುತ್ತಿದ್ದುದು ಒಂದೇ ಕೆಲಸ. ಸ್ಲೇಟು ತೊಡೆಯ ಮೇಲಿಟ್ಟುಕೊಂಡು ಚಿತ್ರ ಬರೆಯುವುದು. ದಿನವೂ ಅದೇ ಚಿತ್ರ: ಕವುಚಿ ಹಾಕಿದ ಲೋಟದಂಥದ್ದು, ಅದರೊಳಗೆ ಎರಡು ಸೊನ್ನೆ, ಕೆಳಗೆ ಇಳಿಬಿದ್ದ ಒಂದು ಗೆರೆ, ಗೆರೆಯ ತುದಿಗೆ ಐದು ಬೆರಳಿನ ಒಂದು ಕೈ.

“ಇದೇನು ಪುಟ್ಟೀ? ಲೋಟಾನಾ? ವಾಟ್ ಈಸ್ ದಿಸ್?”

ಮಗು ಅಂಗೈಯಿಂದ ಅದನ್ನು ಒರೆಸಿ, ಮತ್ತೆ ಮೊದಲಿನಿಂದ ಬರೆಯತೊಡಗುತ್ತಿತ್ತು.

ಹೋದ ವರ್ಷ, ಎಂಬತ್ಮೂರರ ಇದೇ ಆಗಸ್ಟಿನಲ್ಲಿ, ಬಾಯಿ ಮುಚ್ಚು ಎಂದರೂ ಮುಚ್ಚದ ಮಗು ಇದು. ಆಗ ಅದು ಹೋಗುತ್ತಿದ್ದುದು ಮರಳೂರಿನ ಅವರ ಮನೆಯಿಂದ ಎರಡು ಬೀದಿ ಆಚೆಗಿದ್ದ ಶಿಶುವಿಹಾರಕ್ಕೆ. ಹೆಂಚು ಹೊದಿಸಿದ ಒಂದೇ ಒಂದು ಹಜಾರ, ಮುಂದೆ ಒಂದು ಬೇವಿನ ಮರ, ಕಸ ಗುಡಿಸಿ ಮಕ್ಕಳ ಮೂಗು ಒರೆಸಲು ತಿಪ್ಪಮ್ಮ ಎಂಬ ಆಯಾ, ಪಾಠಕ್ಕೆ ಕೌಸಲ್ಯಮ್ಮ. ಮಕ್ಕಳ ಬಾಯಲ್ಲಿ ಕೌಸಲ್ಯ ಮಿಸ್ಸು.

ಕೌಸಲ್ಯಮ್ಮನಿಗೆ ಐವತ್ತು ದಾಟಿತ್ತು. ಕುಳ್ಳಗಿನ ಹೆಂಗಸು, ಬರಿ ಹಣೆ, ಬೂದಿ ಬಣ್ಣದ ನೂಲಿನ ಸೀರೆ. ಆಕೆ ಕುರ್ಚಿಯ ಮೇಲೆ ಕೂತದ್ದನ್ನು ಯಾರೂ ಕಂಡಿರಲಿಲ್ಲ. ಹಜಾರದಲ್ಲಿ ಎರಡು ಜಮಖಾನ ಹಾಸಿರುತ್ತಿದ್ದವು. ಕಿಟಕಿಯ ಪಕ್ಕ ಕೆಂಪು, ಬಾಗಿಲ ಪಕ್ಕ ನೀಲಿ, ನಡುವೆ ಎರಡು ಗೇಣು ಬರಿ ನೆಲ. ಕೆಂಪಿನ ಮೇಲೆ ಕೂತರೆ ಕನ್ನಡ, ನೀಲಿಯ ಮೇಲೆ ಕೂತರೆ ಇಂಗ್ಲಿಷು. ಇದರ ಅರ್ಥ ಅದು, ಅದರ ಅರ್ಥ ಇದು ಎಂದು ಆಕೆ ಯಾವತ್ತೂ ಹೇಳಿಕೊಟ್ಟವರಲ್ಲ. ಮಧ್ಯಾಹ್ನ ನೀಲಿಯ ಮೇಲೆ ಇಂಗ್ಲಿಷಿನಲ್ಲಿ ಒಂದು ಕತೆ ಶುರುವಾಗಿ, ಸರಿಯಾದ ಜಾಗದಲ್ಲಿ ತಟ್ಟನೆ ನಿಲ್ಲುತ್ತಿತ್ತು. ಉಳಿದರ್ಧ ಮಾರನೆಯ ಬೆಳಿಗ್ಗೆ ಕೆಂಪಿನ ಮೇಲೆ, ಕನ್ನಡದಲ್ಲಿ. ಯಾವುದರ ಮೇಲೆ ತೂಕಡಿಸಿದರೂ ಅರ್ಧ ಕತೆ ತಪ್ಪಿಹೋಯಿತು. ಇಂಗ್ಲಿಷು ಬಾರದ ತಿಪ್ಪಮ್ಮನ ಮೊಮ್ಮಗಳು, ಕನ್ನಡ ತಡವರಿಸುವ ಡಾಕ್ಟರ ಮಗಳ ಪಕ್ಕದಲ್ಲೇ ಅಂಟಿಕೊಂಡು ಕೂರುತ್ತಿತ್ತು. ಬೆಳಿಗ್ಗೆಯಾದರೆ ಡಾಕ್ಟರ ಮಗಳು ಇದರ ಪಕ್ಕಕ್ಕೆ. ನಡುವಿನ ಬರಿ ನೆಲಕ್ಕೂ ಒಂದು ಕಾನೂನಿತ್ತು. ಅಲ್ಲಿ ನಿಂತರೆ ಯಾವ ಭಾಷೆಯಾದರೂ ಆದೀತು. ಆದರೆ ಒಂದಕ್ಕೆ ಅರ್ಜೆಂಟಾದವರು ಮಾತ್ರ ಅಲ್ಲಿ ನಿಲ್ಲಬಹುದು.

ಮಕ್ಕಳು ಇದರಿಂದೆಲ್ಲ ಏನು ಕಲಿಯುತ್ತಿದ್ದವು ಎಂಬುದು ಕಮಲಳಿಗೆ ತಿಳಿಯುತ್ತಿರಲಿಲ್ಲ. ಎದುರುಮನೆಯ ಹುಡುಗಿ ಬಂದವರ ಮುಂದೆ ಕೈಕಟ್ಟಿ ನಿಂತು ನಾಲ್ಕು ರೈಮ್ಸು ಒಪ್ಪಿಸುತ್ತಿತ್ತು. ವಿನುತ ಒಂದನ್ನೂ ಒಪ್ಪಿಸುತ್ತಿರಲಿಲ್ಲ.

“ಪುಟ್ಟೀ, ಕಾಗೆಗೆ ಇಂಗ್ಲಿಷಲ್ಲಿ ಏನಂತಾರೆ, ಹೇಳು?”

“ಇಲ್ಲಿ ನೀಲಿ ಇಲ್ವಲ್ಲಮ್ಮ.”

“ಇದು ಮನೆ ಕಣೇ!”

“ಮನೆಯೆಲ್ಲಾ ಕೆಂಪೇ,” ಎಂದು ಮಗು ರೆಡ್ ಆಕ್ಸೈಡ್ ಹಾಕಿಸಿದ ನೆಲವನ್ನು ಕಾಲಿನಿಂದ ತಟ್ಟಿ ತೋರಿಸಿತು. ಅಡುಗೆಮನೆಯಲ್ಲಿ ಅವರೆಕಾಳು ಬಿಡಿಸುತ್ತಿದ್ದ ಅತ್ತೆ ಅಂಬುಜಮ್ಮ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. “ಸರಿಯಾಗಿ ಹೇಳ್ದೆ ಕಣೇ! ನಿಮ್ಮಮ್ಮಂಗೆ ಒಂದು ನೀಲಿ ಚಾಪೆ ತರ್ಸೋಣ ತಾಳು.”

ದಿನವೂ ಮೂರು ಗಂಟೆಗೆ ಮಗು ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೂರುತ್ತಿತ್ತು. ನೀಲಿಯ ಮೇಲೆ ಕೇಳಿದ್ದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಬೇಕು. “ಆಮೇಲೆ? ಆಮೇಲೇನಾಯ್ತೇ?” ಎಂದು ಅಂಬುಜಮ್ಮ ಕೇಳುತ್ತಿದ್ದರೆ ಒಂದು ಗಂಟೆ ಹೊತ್ತು ಅದೇ ಪುರಾಣ. ಕಮಲಳಿಗೆ ಅದನ್ನು ಕೇಳಿದರೆ ರೇಗುತ್ತಿತ್ತು. ಅವಳಿಗೂ ಅವಳದೇ ಕಾರಣವಿತ್ತು. ತುಮಕೂರಿನಲ್ಲೇ ಹುಟ್ಟಿ, ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಮ್ಮಿನಲ್ಲಿ ಫಸ್ಟ್ ಕ್ಲಾಸು ತೆಗೆದವಳು ಅವಳು. ಕಾಲೇಜಿನ ಮೊದಲ ವಾರ ಕೆಮಿಸ್ಟ್ರಿ ಲೆಕ್ಚರರು ಅವಳನ್ನು ಎಬ್ಬಿಸಿ ನಿಲ್ಲಿಸಿ ಇಂಗ್ಲಿಷಿನಲ್ಲಿ ಏನೋ ಕೇಳಿದ್ದರು. ಉತ್ತರ ಗೊತ್ತಿತ್ತು, ಬಾಯಿ ಬರಲಿಲ್ಲ. ಹಿಂದಿನ ಬೆಂಚುಗಳಿಂದ ಎದ್ದ ಆ ನಗು ಹನ್ನೆರಡು ವರ್ಷವಾದರೂ ಅವಳ ಬೆನ್ನಿಗೇ ಇತ್ತು. ನನ್ನ ಮಗುವಿಗೆ ಹಾಗಾಗಬಾರದು ಎಂಬುದೊಂದೇ ಅವಳ ಹಟ.

ಫೆಬ್ರವರಿಯಲ್ಲಿ ಊರಿನ ಆಚೆ ತುದಿಯ ಇಂಗ್ಲಿಷ್ ಸ್ಕೂಲಿನಲ್ಲಿ ಇಂಟರ್‌ವ್ಯೂ ಬಂತು. ಹೆಡ್‌ಮಿಸ್ಟ್ರೆಸ್ಸಿನ ರೂಮು, ಮೇಜಿನ ಮೇಲೆ ಗ್ಲೋಬು, ತಲೆಯ ಮೇಲೆ ಫ್ಯಾನು. ವಿನುತ ಹೊಸ ಬೂಟು ಹಾಕಿಕೊಂಡು ನೆಟ್ಟಗೆ ನಿಂತಿತು. ಆ ಹೆಂಗಸು ಇಂಗ್ಲಿಷಿನಲ್ಲಿ ಹೆಸರು ಕೇಳಿದರು.

“ನನ್ನ ಹೆಸರು ವಿನುತ.”

ಅಪ್ಪ ಏನು ಮಾಡುತ್ತಾರೆ?

“ಅಪ್ಪ ಸೈಕಲ್ ತುಳ್ಕೊಂಡು ಬ್ಯಾಂಕಿಗೆ ಹೋಗ್ತಾರೆ.”

ಗಿಣಿ ಯಾವ ಬಣ್ಣ?

“ಹಸಿರು. ಕೊಕ್ಕು ಮಾತ್ರ ಕೆಂಪು.”

ಕೇಳಿದ್ದೆಲ್ಲ ಇಂಗ್ಲಿಷಿನಲ್ಲಿ, ಹೇಳಿದ್ದೆಲ್ಲ ಕನ್ನಡದಲ್ಲಿ. ಒಂದು ಉತ್ತರವೂ ತಪ್ಪಿರಲಿಲ್ಲ. ಕಮಲ ಹಿಂದಿನಿಂದ ಮಗುವಿನ ಬೆನ್ನು ತಿವಿದಳು, ಕೆಮ್ಮಿದಳು. ಕೊನೆಗೆ ಹೆಡ್‌ಮಿಸ್ಟ್ರೆಸ್ಸು ನಕ್ಕು, “ಅರ್ಥ ಆಗುತ್ತೆ, ನಾಲಿಗೆ ಇಲ್ಲ. ಏಪ್ರಿಲ್‌ನಲ್ಲಿ ಇನ್ನೊಂದ್ ಸಲ ಕರ್ಕೊಂಡು ಬನ್ನಿ, ನೋಡೋಣ” ಎಂದರು.

ಗೇಟಿನ ಹೊರಗೆ ಬಂದ ಮೇಲೆ ಕಮಲ ಮಗುವಿನ ಬೆನ್ನಿಗೆ ಒಂದು ಬಿಟ್ಟಳು. “ಗೊತ್ತಿದ್ದೂ ಹೇಳ್ಲಿಲ್ವಲ್ಲೇ! ಮಾನ ಕಳೆದ್ಯಲ್ಲೇ ನಂದು!” ಮಗು ಅಳಲಿಲ್ಲ. ತಲೆಯೆತ್ತಿ, ಏನೋ ಹೇಳಬೇಕೆಂದು ಬಾಯಿ ತೆರೆಯಿತು.

“ಬಾಯಿ ಮುಚ್ಚು,” ಎಂದಳು ಕಮಲ.

ಮಗು ಮುಚ್ಚಿತು.

ಅವತ್ತೇ ಅವಳು ಅರ್ಜಿ ಬರೆಯಲು ಕೂತಳು. ಶಿಶುವಿಹಾರದ ಕಮಿಟಿಗೆ, ಇಂಗ್ಲಿಷಿನಲ್ಲಿ, ನಾಲ್ಕು ಸಲ ತಿದ್ದಿ ಬರೆದದ್ದು. ಕನ್ನಡದ ಜಮಖಾನ ತೆಗೆಯಬೇಕು, ಇಡೀ ದಿನ ಇಂಗ್ಲಿಷೇ ಆಗಬೇಕು. ಮನೆ ಮನೆ ತಿರುಗಿ ಹನ್ನೊಂದು ಜನ ತಾಯಂದಿರ ಸಹಿ ಹಾಕಿಸಿದಳು. ಶನಿವಾರ ಸಂಜೆ ಮೀಟಿಂಗು. ಅಧ್ಯಕ್ಷರಾದ ಅನಂತರಾಮಯ್ಯನವರು ರಿಟೈರಾದ ತಹಸೀಲ್ದಾರರು, ಕೆಟ್ಟವರೇನಲ್ಲ. “ಕೌಸಲ್ಯಮ್ಮ, ಕಾಲ ಹೀಗಿದೆ. ತಾಯಂದಿರೇ ಬೇಡ ಅಂದ್ಮೇಲೆ ನಾವೇನ್ ಮಾಡೋಣ? ಕೆಂಪುದನ್ನ ಸುತ್ತಿಟ್ಟುಬಿಡಿ” ಎಂದರು.

ಕೌಸಲ್ಯಮ್ಮ ವಾದ ಮಾಡಲಿಲ್ಲ. “ಆಗ್ಲಿ ಸಾರ್. ಇವತ್ತಿನ ಕತೆ ಅರ್ಧಕ್ಕೆ ನಿಂತಿದೆ. ಸೋಮವಾರ ಒಂದೇ ಒಂದು ಬೆಳಿಗ್ಗೆ ಹಾಸ್ತೀನಿ, ಆಮೇಲೆ ಸುತ್ತಿಡ್ತೀನಿ.”

ಅನಂತರಾಮಯ್ಯನವರು ತಾಯಂದಿರ ಮುಖ ನೋಡಿದರು. ಎದ್ದು ನಿಂತದ್ದು ಕಮಲ. “ಒಂದು ದಿನ, ಒಂದು ದಿನ ಅಂತಾನೇ ಸಾರ್ ಇಲ್ಲಿವರೆಗೂ ಬಂದಿರೋದು.”

ಸೋಮವಾರ ಹಜಾರದಲ್ಲಿ ನೀಲಿ ಜಮಖಾನ ಮಾತ್ರ ಇತ್ತು. ಮನೆಯಲ್ಲೂ ಅವತ್ತಿನಿಂದ ಕಟ್ಟುನಿಟ್ಟು. “ಅತ್ತೆ, ತಪ್ಪು ತಿಳ್ಕೋಬೇಡಿ, ಎರಡು ತಿಂಗಳು ಅಷ್ಟೆ. ಮಗು ಹತ್ರ ಕನ್ನಡ ಮಾತಾಡ್ಬೇಡಿ.” ಅಂಬುಜಮ್ಮನಿಗೆ ಬರುತ್ತಿದ್ದುದು ಅದೊಂದೇ. “ಸರಿ ತಾಯಿ, ಅವಳಿಗೆ ಒಳ್ಳೇದಾದ್ರೆ ಸಾಕು” ಎಂದವರು ಮಾತಿಗೆ ತಪ್ಪಲಿಲ್ಲ. ಮೂರು ಗಂಟೆಗೆ ಮಗು ಹೊಸ್ತಿಲ ಮೇಲೆ ಬಂದು ಕೂತರೆ ಕೈಸನ್ನೆಯಲ್ಲೇ ಹಾಲು ಬೇಕೇ ಎಂದು ಕೇಳುತ್ತಿದ್ದರು. ನಾಲ್ಕು ದಿನ ಮಗು ಕಾದು ನೋಡಿತು. ಐದನೆಯ ದಿನ ಹೊಸ್ತಿಲಿಗೆ ಬರಲಿಲ್ಲ.

ಎರಡು ವಾರ ಕಳೆದು ಒಂದು ಸಂಜೆ ಕೌಸಲ್ಯಮ್ಮ ಮನೆಯ ಗೇಟಿನ ಹತ್ತಿರ ಬಂದು ನಿಂತರು. ಅವರ ಕಾಲಿನ ಮೇಲೆ ಧೂಳಿತ್ತು.

“ವಿನುತನ ಅಮ್ಮ, ಮಗು ಕ್ಲಾಸಲ್ಲಿ ಮಾತು ಕಮ್ಮಿ ಮಾಡಿದೆ. ಮನೇಲಿ ಅಜ್ಜಿ ಹತ್ರ ಆದ್ರೂ ಆಡ್ತಿದೆಯಾ ಅಂತ ಕೇಳ್ಕೊಂಡು ಹೋಗೋಣ ಅಂತ ಬಂದೆ.”

“ಮನೇಲೂ ಇಂಗ್ಲಿಷೇ ಮಿಸ್. ಕಮಿಟೀಲಿ ತೀರ್ಮಾನ ಆದ್ಮೇಲೆ ಮತ್ತೆ ಯಾಕೆ ಅದೆಲ್ಲಾ?” ಎಂದಳು ಕಮಲ. ಗೇಟಿನ ಚಿಲಕ ತೆಗೆಯಲಿಲ್ಲ. ಒಂದು ಲೋಟ ನೀರು ಬೇಕೇ ಎಂದೂ ಕೇಳಲಿಲ್ಲ.

ಒಳಗಿಂದ ಅಂಬುಜಮ್ಮ ಕೂಗಿದರು, “ಯಾರೇ ಕಮಲ ಅದು?”

“ಯಾರೂ ಇಲ್ಲ ಅತ್ತೆ.”

ಕೌಸಲ್ಯಮ್ಮ ಸೀರೆಯ ಸೆರಗು ಹೊದ್ದುಕೊಂಡು ಬಂದ ದಾರಿ ಹಿಡಿದರು. ಮುಂದಿನ ವಾರ ಕೆಲಸ ಬಿಟ್ಟು ಕುಣಿಗಲ್ಲಿಗೆ, ತಮ್ಮ ವೆಂಕಟೇಶಯ್ಯನ ಮನೆಗೆ ಹೊರಟುಹೋದರೆಂದು ಸುದ್ದಿ ಬಂತು.

ಏಪ್ರಿಲ್ಲಿನ ಇಂಟರ್‌ವ್ಯೂಗೆ ತುಂಬ ಮಕ್ಕಳು. ಹೆಡ್‌ಮಿಸ್ಟ್ರೆಸ್ಸು ವರಾಂಡದಲ್ಲೇ ಮೇಜು ಹಾಕಿಸಿದ್ದರು. ಕೆಳಗೆ ಬರಿ ಸಿಮೆಂಟು. ವಿನುತ ಒಂದು ಸಲ ನೆಲ ನೋಡಿತು, ಒಂದು ಸಲ ಅಮ್ಮನ ಕೈ ನೋಡಿತು. ಆಮೇಲೆ ಕೇಳಿದ ನಾಲ್ಕಕ್ಕೂ ಇಂಗ್ಲಿಷಿನಲ್ಲಿ ತುಂಡು ತುಂಡಾಗಿ ಉತ್ತರ ಹೇಳಿತು. ಸೀಟು ಸಿಕ್ಕಿತು. ಕಮಲ ಬೀದಿಗೆಲ್ಲ ಪೇಡ ಹಂಚಿದಳು. ಅತ್ತೆಗೆ ಹೇಳಿದ್ದ ಎರಡು ತಿಂಗಳು ಮುಗಿದರೂ ಮಗುವಿನ ಹತ್ತಿರ ಕನ್ನಡ ಆಡಬಾರದೆಂಬ ಕಟ್ಟು ಮಾತ್ರ ಸಡಿಲಲಿಲ್ಲ.

ಆ ಸ್ಕೂಲಿನಲ್ಲಿ ಕನ್ನಡ ಮಾತಾಡಿದ ಮಗುವಿನ ಕೊರಳಿಗೆ ಒಂದು ಮರದ ಬೋರ್ಡು ನೇತುಹಾಕುತ್ತಿದ್ದರು. ಇನ್ನೊಂದು ಮಗು ಸಿಕ್ಕಿಬೀಳುವವರೆಗೆ ಅದು ಇದರ ಕೊರಳಲ್ಲೇ. “ನಮ್ಮ ವಿನುತಂಗೆ ಒಂದ್ ಸಲಾನೂ ಬೋರ್ಡ್ ಬಿದ್ದಿಲ್ಲ ಗೊತ್ತಾ?” ಎಂದು ಜೂನ್, ಜುಲೈ ಎರಡು ತಿಂಗಳೂ ಎದುರುಮನೆಯವರ ಮುಂದೆ ಕಮಲ ಹೇಳಿಕೊಂಡದ್ದೇ ಹೇಳಿಕೊಂಡದ್ದು. ಮನೆಯಲ್ಲಿ ಮಾತು ಹತ್ತರಿಂದ ಐದಕ್ಕಿಳಿದು, ಐದರಿಂದ ‘ಎಸ್’, ‘ನೋ’ಗೆ ಇಳಿದದ್ದನ್ನು ಅವಳು ಶಿಸ್ತು ಎಂದುಕೊಂಡಿದ್ದಳು. ಆಗಸ್ಟಿನ ಮೊದಲ ವಾರ ಅದೂ ನಿಂತಿತು.

ಇಪ್ಪತ್ತನೆಯ ದಿನ ಹೆಡ್‌ಮಿಸ್ಟ್ರೆಸ್ಸಿನಿಂದ ಚೀಟಿ ಬಂತು. ಮಗುವನ್ನು ಕರೆದುಕೊಂಡು ಬಂದು ಕಾಣಬೇಕು.

ಅದೇ ರೂಮು, ಅದೇ ಗ್ಲೋಬು. ಕಮಲ ಒಳಗೆ ಹೋಗಿ ಕುರ್ಚಿಯ ತುದಿಯಲ್ಲಿ ಕೂತಳು. “ನಿಮ್ಮ ಮಗಳಿಗೆ ಬೋರ್ಡ್ ಬೀಳದೇ ಇರೋದಕ್ಕೆ ಕಾರಣ ಗೊತ್ತಾಯ್ತಾ? ಜೂನ್‌ನಿಂದ ಅವಳು ಇಲ್ಲಿ ಒಂದು ಮಾತೂ ಆಡಿಲ್ಲ. ಕಮ್ ಇನ್ ಚೈಲ್ಡ್, ಅಲ್ಲ್ಯಾಕೆ ನಿಂತೆ?” ಎಂದರು ಅವರು.

ವಿನುತ ಬಾಗಿಲಲ್ಲೇ ನಿಂತಿತ್ತು. ಕರೆದರೂ ಬರಲಿಲ್ಲ. ಬೂಟಿನ ತುದಿ ಹೊಸ್ತಿಲು ದಾಟಿತು. ಮುಂದೆ ಏನನ್ನೋ ಮುಟ್ಟಿ, ಬೆಂಕಿ ತಗುಲಿದ ಹಾಗೆ ಹಿಂದಕ್ಕೆ ಬಂತು. ಅದರ ಕಣ್ಣು ಅಮ್ಮನ ಬಲಗೈಯ ಮೇಲೆ ನೆಟ್ಟಿತ್ತು. ಆಗ ಕಮಲ ತನ್ನ ಕಾಲ ಕೆಳಗೆ ನೋಡಿದಳು.

ಗೋಡೆಯಿಂದ ಗೋಡೆಗೆ ಹಾಸಿದ್ದ ಜಮಖಾನ. ಕೆಂಪು.

ಅವತ್ತು ಗೇಟಿನ ಹೊರಗೆ ಮಗು ಬಾಯಿ ತೆರೆದದ್ದು ಇದನ್ನೇ ಹೇಳಲಿಕ್ಕೆ. ಕೇಳಿದ್ದೆಲ್ಲ ಅರ್ಥವಾಗಿತ್ತು, ಉತ್ತರಗಳೆಲ್ಲ ಗೊತ್ತಿದ್ದವು, ನಿಂತ ಜಾಗ ನೋಡಿಕೊಂಡು, ಮಿಸ್ಸು ಕಲಿಸಿದ ಹಾಗೆ, ಒಂದು ಚೂರೂ ತಪ್ಪದೆ ಕನ್ನಡದಲ್ಲಿ ಹೇಳಿತ್ತು. ಅದಕ್ಕೆ ಬೆನ್ನಿಗೆ ಏಟು. ಆಮೇಲೆ ಕೆಂಪೇ ಇಲ್ಲವಾಯಿತು. ಮನೆಯ ಕೆಂಪು ನೆಲದ ಮೇಲೆ ಅಜ್ಜಿಯೂ ಮೂಕಿಯಾದಳು. ಇನ್ನು ಆ ಮಗು ಎಲ್ಲಿ ನಿಂತು ಮಾತಾಡಬೇಕಿತ್ತು?

ಮನೆಗೆ ಬಂದವಳೇ ಕಮಲ ಅಡುಗೆಮನೆಗೆ ಹೋಗಿ, “ಅತ್ತೆ, ಮಾತಾಡ್ಸಿ ಅವಳನ್ನ, ನಿಮ್ಮ ದಮ್ಮಯ್ಯ, ಕನ್ನಡದಲ್ಲೇ ಮಾತಾಡ್ಸಿ” ಎಂದಳು. ಅಂಬುಜಮ್ಮ ಆರು ತಿಂಗಳು ಕಟ್ಟಿಟ್ಟಿದ್ದ ದನಿಯಲ್ಲಿ, “ಬಾರೆ ನನ್ನ ಬಂಗಾರ. ಬಾ, ಅಜ್ಜಿಗೆ ಕತೆ ಹೇಳಲ್ವೇನೆ?” ಎಂದರು.

ಮಗು ಅಜ್ಜಿಯ ಕಡೆ ನೋಡಲಿಲ್ಲ. ಅಮ್ಮನ ಕೈ ನೋಡಿತು. ಆಮೇಲೆ ಸ್ಲೇಟು ತೆಗೆದುಕೊಂಡು ಮೂಲೆಗೆ ಹೋಯಿತು.

ಅಂಬುಜಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಆಮೇಲೆ ಸೆರಗು ಸರಿಸಿ ಕೇಳಿದರು: “ಅವತ್ತು ಗೇಟ್ ಹತ್ರ ಬಂದಿದ್ದೋಳು ಕೌಸಲ್ಯ ಅಲ್ವೇನೇ?”

ಕಮಲ ತಲೆ ತಗ್ಗಿಸಿದಳು.

“ನನಗೆ ಅವಳ ದನಿ ಗೊತ್ತು ಕಣೇ. ಗುಬ್ಬೀಲಿ ಅವಳ ಅತ್ತೆಮನೆ ನಮ್ಮ ತೌರಿನ ಪಕ್ಕದ್ದೇ. ಹಾಗಲವಾಡಿ ಶಾನುಭೋಗರ ಮಗಳು, ಹದಿನೈದಕ್ಕೆ ಮದುವೆ ಮಾಡಿ ಕಳ್ಸಿದ್ರು. ಗಂಡ ರೈಲ್ವೇಲಿದ್ದ. ನಾಲ್ಕು ವರ್ಷಕ್ಕೆ ಜ್ವರ ಬಂದು ಹೋದ. ನಿನ್ನ ಗಂಡನ ಬಾಣಂತನಕ್ಕೆ ನಾನು ಹೋದಾಗ ಆಗ್ಲೇ ಅವಳ ಹಣೆ ಬರಿದಾಗಿತ್ತು.”

ಅಂಬುಜಮ್ಮ ಹೇಳುತ್ತ ಹೋದರು. ಕೌಸಲ್ಯೆಯ ಮಾವ ರಿಟೈರಾದ ಪೋಸ್ಟ್‌ಮಾಸ್ಟರು, ಕಣ್ಣು ಮಂಜಾಗುತ್ತ ಬಂದಿತ್ತು. ರೈಲಿನಲ್ಲಿ ಬರುತ್ತಿದ್ದ ಇಂಗ್ಲಿಷ್ ಪೇಪರು ಓದದಿದ್ದರೆ ಅವರಿಗೆ ಊಟ ಸೇರದು. ಸೊಸೆಗೆ ಎ ಬಿ ಸಿ ಡಿ ಕಲಿಸಿ, ತಮ್ಮ ಆರಾಮ ಕುರ್ಚಿಯ ಕೆಳಗೆ ಚಾಪೆಯ ಮೇಲೆ ಕೂರಿಸಿ ಓದಿಸತೊಡಗಿದರು. ಅರ್ಥ ಕೇಳಕೂಡದು, ಓದಬೇಕು. ಅರ್ಥವಾಗದ ಭಾಷೆಯನ್ನು ಆ ಹುಡುಗಿ ದಿನವೂ ಒಂದು ಗಂಟೆ ಗಟ್ಟಿಯಾಗಿ ಓದಿ, ಅಡುಗೆಮನೆಗೆ ಬಂದು ಬಿಕ್ಕಿ ಬಿಕ್ಕಿ ಅಳುತ್ತಿತ್ತು.

“ಅವಳ ಅತ್ತೆ ಲಕ್ಷ್ಮೀದೇವಮ್ಮ, ಅಕ್ಷರ ಬಾರದೋಳು. ಒಂದಿನ ರಾಗಿ ಹಿಟ್ಟು ಜರಡಿ ಹಿಡೀತಾ, ‘ಅಳ್ಬೇಡ್ವೇ, ಇವತ್ತು ಪೇಪರ್ನಲ್ಲಿ ಏನ್ ಬಂದಿದೆ ಹೇಳು, ನಾನೂ ಕೇಳ್ತೀನಿ’ ಅಂದ್ಲು. ಇವಳಿಗೇನ್ ಗೊತ್ತು? ಫೋಟೋ ನೋಡಿದ್ದು, ನಾಲ್ಕು ಪದ ತಿಳಿದಿದ್ದು, ಉಳಿದಿದ್ದು ತಾನೇ ಕಟ್ಟಿ ಹೇಳಿದ್ಲು. ಆಮೇಲೆ ದಿನಾ ಅದೇ ಆಯ್ತು. ಹಜಾರದಲ್ಲಿ ಇಂಗ್ಲಿಷು, ಅಡುಗೆಮನೇಲಿ ಕನ್ನಡ. ಅರ್ಧ ಬರೀ ಬುರುಡೆ ಅಂತ ಲಕ್ಷ್ಮೀದೇವಮ್ಮಂಗೆ ಗೊತ್ತಿತ್ತು. ಆದ್ರೂ ‘ಆಮೇಲೆ? ಆಮೇಲೆ?’ ಅಂತಿದ್ಲು. ವರ್ಷ ತುಂಬೋ ಹೊತ್ಗೆ ಕಟ್ಟೋದೇ ಬೇಕಾಗ್ಲಿಲ್ಲ ಕಣೇ ಅವಳಿಗೆ.” ಅತ್ತೆ, ಮಾವ ಇಬ್ಬರೂ ಹೋದ ಮೇಲೆ, ಮೂವತ್ತನೆಯ ವಯಸ್ಸಿನಲ್ಲಿ, ತುಮಕೂರಿಗೆ ಬಂದು ಟ್ರೈನಿಂಗ್ ಮಾಡಿಕೊಂಡು ಮೊದಲ ಸಂಬಳದಲ್ಲಿ ಆಕೆ ಕೊಂಡದ್ದು ಎರಡು ಜಮಖಾನ.

“ಇದನ್ನ ಮೊದ್ಲೇ ಯಾಕೆ ಹೇಳ್ಲಿಲ್ಲ ಅತ್ತೆ?”

“ನೀನೆಲ್ಲಿ ಕೇಳಿದ್ಯೇ?” ಎಂದರು ಅಂಬುಜಮ್ಮ.

ಮಾರನೆಯ ಬೆಳಿಗ್ಗೆ ಕಮಲ ಶಿಶುವಿಹಾರಕ್ಕೆ ಹೋದಳು. ಬೇವಿನ ಮರದ ಕೆಳಗೆ ಎಲೆ ಗುಡಿಸುತ್ತಿದ್ದ ತಿಪ್ಪಮ್ಮ ಅವಳನ್ನು ನೋಡಿ ಪೊರಕೆ ಕೆಳಗಿಟ್ಟಳು. ಕೌಸಲ್ಯ ಮಿಸ್ಸಿನ ವಿಳಾಸ ಗೊತ್ತೇ ಎಂದು ಕೇಳಿದ್ದೇ ತಡ, ಸೊಂಟದ ಎಲೆ ಅಡಿಕೆ ಚೀಲ ಬಿಚ್ಚಿ, ಸುಣ್ಣದ ಡಬ್ಬಿಯ ಕೆಳಗಿಂದ ನಾಲ್ಕು ಮಡಿಕೆಯ ಒಂದು ಚೀಟಿ ತೆಗೆದಳು. ಕುಣಿಗಲ್, ವೆಂಕಟೇಶಯ್ಯನವರ ಜವಳಿ ಅಂಗಡಿ, ಫೋನ್ ನಂಬರು.

“ವಿನುತನ ಅವ್ವ ಕೇಳುದ್ರೆ ಕೊಡು ತಿಪ್ಪಮ್ಮ, ಕೇಳ್ದಿದ್ರೆ ಬುಡು ಅಂದಿದ್ರು. ಆರು ತಿಂಗ್ಳಿಂದ ಮಡಿಕ್ಕಂಡಿವ್ನಿ.” ಚೀಟಿ ಕೊಟ್ಟು, ಸುಮ್ಮನಿರಲಾರದೆ ಸೇರಿಸಿದಳು, “ಪಾಪ, ಆ ಗುಬ್ಬಚ್ಚಿ ಕತೆ ಅರ್ಧಕ್ಕೇ ನಿಂತೋಯ್ತು ಕಣ್ರವ್ವ.”

“ಯಾವ ಗುಬ್ಬಚ್ಚಿ?”

“ಮೀಟಿಂಗ್ ಆಯ್ತಲ್ಲ, ಅವತ್ತು ಮದ್ಯಾನ ಹೇಳ್ತಾ ಇದ್ರು. ನಂಗೆ ಇಂಗ್ಲೀಸ್ ಎಲ್ಲಿ ಬತ್ತದೆ, ಆದ್ರೂ ಕೈಲಿ ಮಾಡಿ ತೋರ್ಸೋರಲ್ಲ, ತಿಳೀತದೆ. ಇಸ್ಕೂಲ್ ಗಂಟೆ ಒಳ್ಗೆ ಒಂದು ಗುಬ್ಬಚ್ಚಿ ಗೂಡು ಕಟ್ಬುಟ್ಟು ಎರಡು ಮೊಟ್ಟೆ ಇಕ್ಕದೆ. ಗಂಟೆ ಹೊಡ್ದ್ರೆ ಮೊಟ್ಟೆ ಒಡೆದೋಯ್ತವೆ. ಹೊಡೀದಿದ್ರೆ ಮಕ್ಳು ಮನೆಗೋಗಂಗಿಲ್ಲ. ಜವಾನ ಬಂದು ಹಗ್ಗ ಹಿಡ್ಕಂಡ. ಅಲ್ಲಿಗೆ ನಿಲ್ಸುದ್ರು. ‘ಮಿಸ್ಸೇ, ಅದು ನಿಮ್ಮೂರ್ ಗುಬ್ಬೀದಾ?’ ಅಂತ ನಿಮ್ಮ ಮಗ್ಳು ಕೆಂಪ್ ಜಮಖಾನಕ್ಕೆ ಓಡೋಗಿ ನಿಂತ್ಕಂಡು ಕೇಳುದ್ಲು ಕಣ್ರವ್ವ. ಎಲ್ರೂ ನಗಾಡಿದ್ದೇ ನಗಾಡಿದ್ದು. ಸೋಮ್ವಾರ ಬಂದು ನೋಡುದ್ರೆ ಕೆಂಪ್ ಜಮಖಾನನೇ ಇಲ್ಲ. ಅದಿದ್ದ ಜಾಗ್ದಲ್ಲಿ ಬರೀ ನೆಲದ್ ಮ್ಯಾಲೆ ಕೂತ್ಕಂಬುಡ್ತು ನಿಮ್ಮ ಕೂಸು. ಎಬ್ಬುಸುದ್ರೂ ಏಳ್ಲಿಲ್ಲ.”

ಕವುಚಿ ಹಾಕಿದ ಲೋಟವಲ್ಲ ಅದು. ಗಂಟೆ. ಎರಡು ಸೊನ್ನೆಯಲ್ಲ, ಮೊಟ್ಟೆ.

ಚೀಟಿ ಕೈಗೆ ಬಂದ ಮೇಲೂ ನಾಲ್ಕು ದಿನ ಹೋಯಿತು. ಇವತ್ತು ಮಳೆ, ನಾಳೆ ಶುಕ್ರವಾರ, ನಾಡಿದ್ದು ಅವರು ಅಂಗಡಿಗೆ ಬರುತ್ತಾರೋ ಇಲ್ಲವೋ. ಏನೆಂದು ಶುರು ಮಾಡುವುದು ಎಂದು ಕಮಲ ಒಗ್ಗರಣೆ ಹಾಕುವಾಗಲೂ ಮನಸ್ಸಿನಲ್ಲೇ ಅಭ್ಯಾಸ ಮಾಡುತ್ತಿದ್ದಳು. ‘ಮಿಸ್’ ಎನ್ನುವುದರಿಂದ ಮುಂದಕ್ಕೆ ಹೋಗುತ್ತಿರಲಿಲ್ಲ. ಐದನೆಯ ದಿನ ಯೋಗನರಸಿಂಹ ಬ್ಯಾಂಕಿಗೆ ಹೊರಟವನು ಬಾಗಿಲಲ್ಲಿ ತಿರುಗಿ, “ನಾನು ಮಾಡ್ಲಾ?” ಎಂದು ಕೇಳಿದ. “ಬೇಡ, ಗೇಟ್ ತೆಗೀದೇ ಇದ್ದೋಳು ನಾನು” ಎಂದು ಅವಳು ಮಗುವಿನ ಕೈಹಿಡಿದು ಪೋಸ್ಟಾಫೀಸಿಗೆ ನಡೆದಳು.

ಟ್ರಂಕ್ ಕಾಲ್ ಬುಕ್ ಮಾಡಿ, ಇಂಥವರೇ ಬಂದು ಮಾತಾಡಬೇಕೆಂದು ಕೌಸಲ್ಯಮ್ಮನ ಹೆಸರು ಬರೆಸಿ, ಬೆಂಚಿನ ಮೇಲೆ ಕಾದಳು. ಮುಕ್ಕಾಲು ಗಂಟೆಯ ಮೇಲೆ ಕೂಗಿದರು. ಗಾಜಿನ ಬಾಗಿಲಿನ ಪೆಟ್ಟಿಗೆಯೊಳಗೆ ಇಬ್ಬರೂ ಇಕ್ಕಟ್ಟಿನಲ್ಲಿ ನಿಂತರು. ಆ ಕಡೆಯಿಂದ ಮೊದಲು ಕೇಳಿಸಿದ್ದು ಥಾನಿನಿಂದ ಬಟ್ಟೆ ಪರ್ರೆಂದು ಹರಿಯುವ ಸದ್ದು.

“ಹಲೋ, ಯಾರು?”

“ಮಿಸ್... ನಾನು. ವಿನುತನ ಅಮ್ಮ.”

ಬಟ್ಟೆ ಹರಿಯುವುದು ನಿಂತಿತು. “ಹೇಳಮ್ಮ.”

ಅಭ್ಯಾಸ ಮಾಡಿದ್ದೆಲ್ಲ ಮರೆತುಹೋಯಿತು. ಕಮಲ ಅಳುತ್ತ, ತೊದಲುತ್ತ ಹೆಡ್‌ಮಿಸ್ಟ್ರೆಸ್ಸಿನ ರೂಮಿನಿಂದ ಶುರು ಮಾಡಿ ಹೇಳಿದಳು. ಏಟು ಕೊಟ್ಟದ್ದನ್ನೂ ಬಿಡಲಿಲ್ಲ.

“ಕೆಂಪಿತ್ತಾ?” ಎಂದರು ಕೌಸಲ್ಯಮ್ಮ. “ಅಯ್ಯೋ ನನ್ನ ಮಗುವೇ. ಕೆಂಪಿದೆ ಅಂತ ಕನ್ನಡ ಹೇಳ್ತಾ?... ನಂದೂ ತಪ್ಪಿದೆ ಕಣಮ್ಮ. ಪ್ರತಿ ವರ್ಷ ಮಾರ್ಚಿ ತಿಂಗಳಲ್ಲಿ ಎರಡನ್ನೂ ಸುತ್ತಿಡ್ತಿದ್ದೆ. ಕೊನೇ ತಿಂಗಳು ಎಲ್ಲರೂ ಬರಿ ನೆಲದ ಮೇಲೆ. ಯಾರಿಗೆ ಯಾವುದು ಬೇಕೋ ಅದು. ಹೊರಗಡೆ ಜಮಖಾನ ಇರಲ್ಲ ಅಂತ ಅಷ್ಟು ಹೊತ್ತಿಗೆ ಮಕ್ಕಳಿಗೇ ಗೊತ್ತಾಗ್ತಿತ್ತು. ಈ ಸಲ ಅಲ್ಲಿವರೆಗೂ ಹೋಗೋಕೇ ಆಗ್ಲಿಲ್ಲ.”

“ವಾಪಸ್ ಬನ್ನಿ ಮಿಸ್. ನಾನು ಕಮಿಟಿಯವರ ಕಾಲು ಹಿಡೀತೀನಿ.”

“ಇಲ್ಲಮ್ಮ. ಆಗಲ್ಲ.” “ಅವತ್ತು ‘ಯಾರೂ ಇಲ್ಲ’ ಅಂದ್ರಲ್ಲ, ಅದು ನನಗೆ ಕೇಳಿಸ್ತು. ಬಸ್ಸಲ್ಲಿ ಕೂತು ಕುಣಿಗಲ್ ಬರೋವರೆಗೂ ಅದೇ ಕೇಳಿಸ್ತಿತ್ತು. ಬೈಯೋಕೆ ಹೇಳ್ತಿಲ್ಲ. ಇಲ್ಲಿ ತಮ್ಮನ ಅಂಗಡೀಲಿ ಬಟ್ಟೆ ಮಡಿಸ್ತಾ ಇದೀನಿ. ನನಗೆ ಇನ್ನು ಮಕ್ಕಳ ಮುಂದೆ ಕೂರೋ ಧೈರ್ಯ ಇಲ್ಲ.”

ಕಮಲ ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು. “ಆ ಗುಬ್ಬಚ್ಚಿ ಕತೆ... ದಿನಾ ಅದನ್ನೇ ಬರೀತಾಳೆ ಮಿಸ್. ಉಳಿದರ್ಧ ನೀವು ಹೇಳಿಬಿಡಿ, ನಾನು ಅವಳಿಗೆ ಫೋನ್ ಕೊಡ್ತೀನಿ.”

“ನನ್ನ ಹತ್ರ ಅದು ಇಲ್ಲವಲ್ಲಮ್ಮ.”

“ಅಂದ್ರೆ?”

“ಉಳಿದರ್ಧ ನಾನ್ಯಾವತ್ತೂ ಹೇಳಿಲ್ಲ. ಬೆಳಿಗ್ಗೆ ಕೆಂಪಿನ ಮೇಲೆ ಮಕ್ಕಳೇ ಹೇಳೋರು. ‘ಆಮೇಲೆ? ಆಮೇಲೆ?’ ಅಂತಿದ್ದೆ ನಾನು, ಅಷ್ಟೆ. ಅದು ಅವಳ ಹತ್ರಾನೇ ಇರುತ್ತೆ. ಕೊಡಿ ಅವಳಿಗೆ.”

ಕಮಲ ಬಗ್ಗಿ ರಿಸೀವರನ್ನು ಮಗುವಿನ ಕಿವಿಗಿಟ್ಟಳು. ವಿನುತ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿತು. ಒಳಗಿನಿಂದ ಸಣ್ಣಗೆ ಕೇಳಿಸಿತು: “ವಿನುತಾ, ಜವಾನ ಬಂದ. ಹಗ್ಗ ಹಿಡ್ಕೊಂಡ. ಆಮೇಲೆ?”

ಮಗು ಪೆಟ್ಟಿಗೆಯ ನೆಲ ನೋಡಿತು. ಬಣ್ಣವೇ ಇಲ್ಲದ, ಸವೆದ ಹಲಗೆ. ಅಮ್ಮನ ಕೈ ನೋಡಿತು. ಕಮಲ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಆ ಕಡೆ ಕೌಸಲ್ಯಮ್ಮ ಮತ್ತೊಮ್ಮೆ ಕೇಳಲಿಲ್ಲ, ಸುಮ್ಮನೆ ಕಾಯುತ್ತಿದ್ದರು. ಅವರ ಉಸಿರು ಮಾತ್ರ ಬಂದು ಹೋಗುತ್ತಿತ್ತು. ಮಗುವಿನ ತುಟಿ ಬಿರಿಯಿತು, ಮುಚ್ಚಿತು.

ನಡುವೆ ಆಪರೇಟರಿನ ದನಿ ತೂರಿ ಬಂತು. “ಮೂರು ನಿಮಿಷ ಆಯ್ತು. ಎಕ್ಸ್‌ಟೆಂಡ್ ಮಾಡ್ಲಾ?”

“ಮಾಡಿ,” ಎಂದು ಕಮಲ ಮಗುವಿನ ಕೆನ್ನೆಗೆ ಕೆನ್ನೆ ತಾಗಿಸಿ ಫೋನಿನೊಳಕ್ಕೆ ಹೇಳಿದಳು, “ನಾನು ಸಾಕು ಅನ್ನೋವರೆಗೂ ಮಾಡಿ.”